ಡ್ರಮ್–ಬ್ಯೂಗಲ್ ಗುರುಗಳ ಹೆಸರಿನ ಫಲಕ: ಯಾರ ಹೆಸರು, ಕೆಳಗೆ ಯಾವ ಪಾಠ?

ಶಾಲಾಬ್ಯಾಂಡ್_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಪ್ರೌಢಶಾಲೆಯೊಂದರ ಡ್ರಮ್–ಬ್ಯೂಗಲ್ ತಂಡಕ್ಕಾಗಿ ಕೇಳುತ್ತಿದ್ದೇನೆ. ಬ್ಯೂಗಲ್ 12, ಸೈಡ್ ಡ್ರಮ್ 12, ಟೆನರ್ ಡ್ರಮ್ 2, ಬಾಸ್ ಡ್ರಮ್ 2, ತಾಳ 2 ಜೋಡಿ, ಒಟ್ಟು 30 ಮಕ್ಕಳು. ಆರಾರು ಮಕ್ಕಳ ಐದು ಸಾಲು, ಮುಂದೆ ಕೋಲು ಹಿಡಿದ ಡ್ರಮ್ ಮೇಜರ್. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಪಥಸಂಚಲನಕ್ಕೆ ತಯಾರಿ ನಡೆದಿದೆ.

ಅಮೆರಿಕದ ಕೋರ್‌ಗಳ, ಅಂದರೆ ಅಲ್ಲಿನ ಡ್ರಮ್–ಬ್ಯೂಗಲ್ ತಂಡಗಳ, ವಿಡಿಯೋ ನೋಡಿದ ಮಕ್ಕಳು "ಇವರಿಗೆ ಕಲಿಸಿದವರು ಯಾರು?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಅಭ್ಯಾಸದ ಕೋಣೆಯ ಗೋಡೆಗೆ ಈ ವಿದ್ಯೆಯನ್ನು ರೂಪಿಸಿದ ಶಿಕ್ಷಕರ ಹೆಸರಿನ ಫಲಕ ಹಾಕುವ ಯೋಚನೆಯಿದೆ. ಹುಟ್ಟಿದ ದಿನ, ತೀರಿಕೊಂಡ ದಿನ ಬರೆದು ಹೂವಿನ ಹಾರ ಹಾಕುವ ಫಲಕ ಬೇಡ. ಒಂದು ಹೆಸರು, ಅದರ ಕೆಳಗೆ ಒಂದೇ ಒಂದು ಅಭ್ಯಾಸ. ಮಕ್ಕಳು ದಿನಾ ಆ ಹೆಸರಿನ ಮುಂದೆ ನಿಂತು ಆ ಅಭ್ಯಾಸ ಮಾಡಬೇಕು.

ಯಾರ ಹೆಸರು ಬರೆಯಬೇಕು, ಯಾವ ಅಭ್ಯಾಸ ಕೊಡಬೇಕು ಹೇಳಿ. ತಂಡದ ಸದ್ಯದ ತೊಂದರೆಗಳನ್ನೂ ಬರೆಯುತ್ತೇನೆ: ಹನ್ನೆರಡು ಸೈಡ್ ಡ್ರಮ್ ಒಂದೇ ಏಟಾಗಿ ಕೇಳುವುದಿಲ್ಲ, ಚದುರಿದ ಹಾಗೆ ಕೇಳುತ್ತದೆ. ಬ್ಯೂಗಲ್ ಜೋರು ಮಾಡಿಸಿದರೆ ಸದ್ದು ಒಡೆಯುತ್ತದೆ. ಮೈದಾನದ ಮೂಲೆಯಲ್ಲಿ ತಿರುಗುವಾಗ ಬ್ಯೂಗಲ್ ಸಾಲುಗಳು ಡ್ರಮ್‌ಗಿಂತ ಹಿಂದೆ ಬೀಳುತ್ತವೆ.

ಕಡ್ಡಿ_ಎತ್ತರ

ಸರ, ಡ್ರಮ್ ಗೋಡಿಗಿ ಫ್ರೆಡ್ ಸ್ಯಾನ್‌ಫರ್ಡ್ ಹೆಸರು ಬರೀರಿ. ಎರಡನೇ ಮಾತಿಲ್ಲ.

ಯಾಕಂತ ಹೇಳ್ತೀನಿ. ಮೊದಲ ಅಮೆರಿಕದಾಗ ಒಂದೊಂದು ಊರಿನ ಡ್ರಮ್ಮಿನವರು ಒಂದೊಂದು ಥರ ಬಾರಸ್ತಿದ್ರು. 1933ರಾಗ ಷಿಕಾಗೋದಾಗ 13 ಮಂದಿ ಡ್ರಮ್ ವಾದಕರು ಕೂಡಿ ಒಂದು ಸಂಘ ಕಟ್ಟಿ, ಎಲ್ಲಾರೂ ಕಲೀಲೇಬೇಕಾದ 13 ಮೂಲ ಬಡಿತ ಗೊತ್ತು ಮಾಡಿದ್ರು. ಮುಂದ ಅವು 26 ಆದವು, 1984ರಾಗ 40 ಆದವು. ಇವಕ್ಕ ರೂಡಿಮೆಂಟ್ ಅಂತಾರ. ಸಾಲ್ಯಾಗ ಕಾಗುಣಿತ ಇದ್ದಂಗ ಇವು. ಆದ್ರ ಎಲ್ಲಾರಿಗೂ ಬಡಿತ ಬರೋದು ಬ್ಯಾರೆ, ಎಲ್ಲಾರದೂ ಒಂದೇ ಕೈಯಾಗಿ ಕೇಳೋದು ಬ್ಯಾರೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ತಂಡದಾಗ 1970ರ ದಶಕದಾಗ ಸ್ಯಾನ್‌ಫರ್ಡ್ ಮಾಡಿದ್ದು ಈ ಎರಡನೇ ಕೆಲಸ. ಇಡೀ ಡ್ರಮ್ ಸಾಲನ್ನ ಒಂದು ವಾದ್ಯ ಅಂತ ತಿಳದು, ಸೈಡ್ ಡ್ರಮ್, ಟೆನರ್, ಬಾಸ್ ಒಂದೊಂದಕ್ಕ ತನ್ನದೇ ಶ್ರುತಿ, ತನ್ನದೇ ಮಾತು ಕೊಟ್ಟರು. ವ್ಯಾನ್‌ಗಾರ್ಡ್ 1973, 1974, 1978ರಾಗ ಡಿಸಿಐ (ಅಮೆರಿಕದ ಕೋರ್‌ಗಳ ದೊಡ್ಡ ಸ್ಪರ್ಧಾ) ಚಾಂಪಿಯನ್ ಆಯ್ತು. ಇವತ್ತಿಗೂ ಡಿಸಿಐ ಫೈನಲ್‌ನಾಗ ಅತ್ಯುತ್ತಮ ತಾಳವಾದ್ಯಕ್ಕ ಕೊಡೋ ಪ್ರಶಸ್ತಿ ಅವರ ಹೆಸರಿಂದೇ ಅದ.

ಫಲಕದ ಕೆಳಗ ಹಾಕೋ ಅಭ್ಯಾಸ "ಕೈಗೆಂಟು". ಬಲಗೈ ಎಂಟು ಏಟು, ಎಡಗೈ ಎಂಟು ಏಟು, ನಡುವ ನಿಲ್ಲಬಾರದು. ಬಹಳ ಕೋರ್‌ನವರು ದಿನಾ ಇದರಿಂದೇ ಶುರು ಮಾಡ್ತಾರ. ಇದರಾಗ ನೋಡಬೇಕಾದ್ದು ವೇಗ ಅಲ್ಲ, ಕಡ್ಡಿ ಎತ್ತರ. ಮೆಲ್ಲಗ ಬಾರಸಾಕ 3 ಇಂಚು, ಮಧ್ಯಮಕ್ಕ 6, ಜೋರಿಗಿ 9, ಪೂರಾ ಜೋರಿಗಿ 12. ಹುಡುಗರ ಹಿಂದಿನ ಗೋಡಿ ಮ್ಯಾಲ ಡ್ರಮ್ಮಿನ ಚರ್ಮದ ಮಟ್ಟದಿಂದ 3, 6, 9, 12 ಇಂಚಿಗಿ ಬಣ್ಣದ ಟೇಪ್ ಹಚ್ಚರಿ. ಎರಡು ಸಾಲು ಎದುರುಬದುರು ನಿಲ್ಲಸರಿ, ಒಬ್ಬರ ಕಡ್ಡಿ ಒಬ್ಬರು ನೋಡಲಿ. ನಿಮಿಷಕ್ಕ 80 ಎಣಿಕಿಯಿಂದ ಶುರು ಮಾಡರಿ, ಎತ್ತರ ಕೆಡದಿದ್ರ ಮಾತ್ರ 4 ಏರಸರಿ. 120ಕ್ಕ ಮುಟ್ಟಿದ್ರ ಪಥಸಂಚಲನಕ್ಕ ಸಾಕು.

ಚದುರಿದಂಗ ಕೇಳಾಕ ಮುಖ್ಯ ಕಾರಣ ಎತ್ತರದ ಫರಕು. ಹನ್ನೆರಡು ಇಂಚಿಂದ ಇಳಿಯೋ ಕಡ್ಡಿಗೂ ಆರು ಇಂಚಿಂದ ಇಳಿಯೋ ಕಡ್ಡಿಗೂ ಚರ್ಮ ಮುಟ್ಟೋ ಹೊತ್ತೇ ಬ್ಯಾರೆ. ಹುಡುಗ "ನಾ ಲೆಕ್ಕಕ್ಕೇ ಬಾರಿಸೀನಿ" ಅಂತಾನ, ಅದು ಖರೇನೂ ಇರ್ತದ, ಆದ್ರ ಏಟು ತಡಾ ಬೀಳ್ತದ.

ಇನ್ನೊಂದು ಕಾರಣ ಯಾರೂ ನೋಡಂಗಿಲ್ಲ. ನಿಮ್ಮ ಡ್ರಮ್‌ಗಳ ಕಟ್ಟು ಒಂದೇ ಥರ ಅವೇನು? ಬಲಭುಜಕ್ಕ ಪಟ್ಟಿ ಹಾಕಿ ಎಡತೊಡಿ ಮ್ಯಾಲ ಜೋತುಬಿಟ್ಟ ಡ್ರಮ್ ಬಲಕ್ಕ ವಾಲಿರ್ತದ, ಅದಕ್ಕ ಎಡಗೈ ಕಡ್ಡಿ ಕೆಳಗಿನಿಂದ ಹಿಡೀಬೇಕು. ಎದಿಗಿ ಕಟ್ಟೋ ಹಾರ್ನೆಸ್ ಇದ್ರ ಡ್ರಮ್ ಸಮ ಕೂಡ್ತದ, ಎರಡೂ ಕೈ ಒಂದೇ ಥರ ಹಿಡೀಬಹುದು. ಅರ್ಧ ಹುಡುಗರಿಗಿ ಪಟ್ಟಿ, ಅರ್ಧ ಹುಡುಗರಿಗಿ ಹಾರ್ನೆಸ್ ಇದ್ರ ಎಷ್ಟು ತಾಲೀಮು ಮಾಡಿದ್ರೂ ಎರಡು ಸದ್ದೇ ಬರ್ತಾವ. ಎಲ್ಲಾ ಪಟ್ಟಿ ಮಾಡರಿ, ಇಲ್ಲಾಂದ್ರ ಎಲ್ಲಾ ಹಾರ್ನೆಸ್ ಮಾಡರಿ.

ಶ್ರುತಿ ಮಾಡೋವಾಗ ಒಂದು ಬೋಲ್ಟ್ ತಿರುವಿದ್ರ ಅದರ ಎದುರಿಂದು ತಿರುವಬೇಕು, ಪಕ್ಕದ್ದಲ್ಲ. ಒಮ್ಮಿಗಿ ಕಾಲು ಸುತ್ತು, ಅಷ್ಟೇ. ಪ್ರತಿ ಬೋಲ್ಟಿನಿಂದ ಎರಡು ಇಂಚು ಒಳಗ ಮೆಲ್ಲಗ ತಟ್ಟಿ ನೋಡರಿ, ಸುತ್ತಾ ಒಂದೇ ಸ್ವರ ಬರಬೇಕು. ಕೆಳಗಿನ ಚರ್ಮ ಮ್ಯಾಲಿಂದಕ್ಕಿಂತ ಸ್ವಲ್ಪ ಬಿಗಿ ಇರಲಿ.

ಬ್ಯೂಗಲ್_ಬೀದರ

ಬ್ಯೂಗಲ್ ಕಡೆಗೆ ನಾನು ಎರಡು ಹೆಸರು ಹೇಳುತ್ತೇನೆ, ಎರಡೂ ಬೇಕು.

ಮೊದಲನೆಯದು ಜಿಮ್ ಆಟ್. 1970ರ ದಶಕದ ಕೊನೆಯಲ್ಲಿ ಸ್ಪಿರಿಟ್ ಆಫ್ ಅಟ್ಲಾಂಟಾ ತಂಡದ ಬ್ರಾಸ್ (ಹಿತ್ತಾಳೆಯ ಊದುವಾದ್ಯಗಳ ವಿಭಾಗ) ಕಟ್ಟಿದವರು. ಆ ತಂಡದ ಸದ್ದು ಮೈದಾನ ತುಂಬುವಷ್ಟು ದೊಡ್ಡದು, ಆದರೂ ಅಂಚು ಒಡೆಯದ ಸದ್ದು. 1980ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಡಿಸಿಐನ ಅತ್ಯುತ್ತಮ ಬ್ರಾಸ್ ಪ್ರಶಸ್ತಿಗೆ ಅವರ ಹೆಸರಿದೆ. ನಿಮ್ಮ ಎರಡನೇ ತೊಂದರೆ ಏನಿದೆಯೋ, ಅದಕ್ಕೆ ಈ ಮನುಷ್ಯನ ಹೆಸರಿಗಿಂತ ಸರಿಯಾದ ಹೆಸರಿಲ್ಲ.

ಬ್ಯೂಗಲ್ ಒಡೆಯುವುದು ಉಸಿರು ಹೆಚ್ಚಾದದ್ದಕ್ಕಲ್ಲ. ಉಸಿರು ಸಾಲದೆ ಮಕ್ಕಳು ತುಟಿಗೆ ಒತ್ತಡ ಕೊಟ್ಟದ್ದಕ್ಕೆ. "ಜೋರಾಗಿ" ಅಂದ ಕೂಡಲೇ ಮಕ್ಕಳು ಮೌತ್‌ಪೀಸನ್ನು ಹಲ್ಲಿಗೆ ಒತ್ತುತ್ತಾರೆ, ಕೆನ್ನೆ ಉಬ್ಬುತ್ತದೆ, ತುಟಿ ಅದುರುವುದು ನಿಲ್ಲುತ್ತದೆ. ಫಲಕದ ಕೆಳಗೆ ಈ ಉಸಿರಾಟ ಬರೆಯಿರಿ: ನಿಮಿಷಕ್ಕೆ 60ರ ಲೆಕ್ಕದಲ್ಲಿ ನಾಲ್ಕು ಎಣಿಕೆ ಒಳಗೆ, ಎಂಟು ಎಣಿಕೆ ಹೊರಗೆ. ಮುಂದಿನ ವಾರ ಹೊರಗೆ ಹನ್ನೆರಡು, ಆಮೇಲೆ ಹದಿನಾರು. ಮೊದಲು ಬ್ಯೂಗಲ್ ಇಲ್ಲದೆ, ಆಮೇಲೆ ನಡುವಿನ ಪಂಚಮದ ಮೇಲೆ ಉದ್ದ ಸ್ವರವಾಗಿ. ಮೆಲ್ಲಗೆ ಹುಟ್ಟಿ, ಬೆಳೆದು, ಮೆಲ್ಲಗೆ ಮುಗಿಯಬೇಕು. ಎಷ್ಟು ಹೊತ್ತು ಊದಿದರೋ ಅಷ್ಟೇ ಹೊತ್ತು ವಿಶ್ರಾಂತಿ. ಒತ್ತಡ ಇದೆಯೋ ಇಲ್ಲವೋ ನೋಡಲು ಬ್ಯೂಗಲನ್ನು ತೆರೆದ ಅಂಗೈ ಮೇಲೆ ಇಟ್ಟು, ಬೆರಳಿನಿಂದ ಹಿಡಿಯದೆ ಊದಿಸಿ. ಪಂಚಮ ಬಂದರೆ ತುಟಿ ಸರಿಯಿದೆ.

ಹನ್ನೆರಡೂ ಮಕ್ಕಳು ಒಂದೇ ಜಾಗದಲ್ಲಿ ಉಸಿರು ತೆಗೆದುಕೊಂಡರೆ ಅಲ್ಲಿ ಸದ್ದಿಗೆ ತೂತು ಬೀಳುತ್ತದೆ. ಬೆಸ ಸಂಖ್ಯೆಯವರು ಎರಡನೇ ಆವರ್ತದ ನಡುವೆ, ಸಮ ಸಂಖ್ಯೆಯವರು ನಾಲ್ಕನೆಯದರ ನಡುವೆ ಉಸಿರು ತೆಗೆಯಲಿ. ಇದನ್ನು ಹಾಳೆಯ ಮೇಲೆ ಗುರುತು ಹಾಕಿ ಕೊಡಬೇಕು, ಬಾಯಲ್ಲಿ ಹೇಳಿದರೆ ಉಳಿಯುವುದಿಲ್ಲ.

ಎರಡನೇ ಹೆಸರು ಟ್ರೂಮನ್ ಕ್ರಾಫರ್ಡ್. ಷಿಕಾಗೋ ರಾಯಲ್ ಏರ್ಸ್ ತಂಡಕ್ಕೆ ಸಂಗೀತ ಬರೆದವರು, ಆಮೇಲೆ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಮರೀನ್ ಪಡೆಯ ಡ್ರಮ್ ಅಂಡ್ ಬ್ಯೂಗಲ್ ಕೋರ್ ನಡೆಸಿದವರು. ಡಿಸಿಐ ತಂಡಗಳು 1990ರಲ್ಲಿ ಮೂರು ವಾಲ್ವಿಗೆ (ಒತ್ತಿ ಸ್ವರ ಬದಲಿಸುವ ಗುಂಡಿ) ಹೋದವು, 2000ದಿಂದ ಜಿ ಶ್ರುತಿಯ ಕಟ್ಟುಪಾಡನ್ನೇ ಬಿಟ್ಟವು. ಮರೀನ್ ಕೋರ್ ಮಾತ್ರ ಎರಡು ವಾಲ್ವಿನ ಜಿ ಬ್ಯೂಗಲನ್ನು ಉಳಿಸಿಕೊಂಡಿತು. ಇರುವ ಸ್ವರಗಳಲ್ಲೇ ಬರೆದು ಮೈದಾನ ತುಂಬಿಸುವುದು ಈ ವಿದ್ಯೆಯ ಹೃದಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ವಾಲ್ವ್ ಇಲ್ಲದ ನಮ್ಮ ಶಾಲೆಗಳಿಗಂತೂ ಬೇಕಾದದ್ದು ಅದೇ.

ನಮ್ಮ ಬಿ-ಫ್ಲಾಟ್ ಬ್ಯೂಗಲ್ ಸುಮಾರು ನಾಲ್ಕೂವರೆ ಅಡಿ ಕೊಳವೆ. ಅದರಲ್ಲಿ ಮಕ್ಕಳಿಗೆ ಸಿಗುವುದು ಐದು ಸ್ವರ: ಸ, ಪ, ಮೇಲಿನ ಸ, ಮೇಲಿನ ಗ, ಮೇಲಿನ ಪ. ಇದರ ಜೊತೆ ನಾಲ್ಕು ಮಕ್ಕಳಿಗೆ ಅಶ್ವದಳದ ಉದ್ದ ಇ-ಫ್ಲಾಟ್ ಟ್ರಂಪೆಟ್ ಕೊಡಿ. ಅದರ ಷಡ್ಜ ನಮ್ಮ ಮಧ್ಯಮವಾಗುತ್ತದೆ, ಅದರ ಗಾಂಧಾರ ನಮ್ಮ ಧೈವತ, ಅದರ ಪಂಚಮ ನಮ್ಮ ಷಡ್ಜ. ಎರಡೂ ಸೇರಿದರೆ ಸ ಮ ಪ ಧ ಸ ಗ ಪ ಎಂಬ ಏಣಿ ಸಿಗುತ್ತದೆ. ರಿ ಮತ್ತು ನಿ ಸಿಗುವುದಿಲ್ಲ, ಕೆಳಗಿನ ಗಾಂಧಾರವೂ ಇಲ್ಲ. ಹಾಗಾಗಿ ಸಿನಿಮಾ ಹಾಡು ಹಿಡಿದು ಒದ್ದಾಡಬೇಡಿ, ಈ ಏಣಿಯ ಮೇಲೆಯೇ ನಡಿಗೆಯ ರಾಗ ಕಟ್ಟಿ. ಕ್ರಾಫರ್ಡ್ ಫಲಕದ ಕೆಳಗಿನ ಅಭ್ಯಾಸವೂ ಇದೇ: ಏಣಿಯನ್ನು ಹತ್ತಿ ಇಳಿಯುವುದು, ಮ ಮತ್ತು ಧ ಟ್ರಂಪೆಟ್ಟಿನವರದು, ಉಳಿದದ್ದು ಬ್ಯೂಗಲ್ಲಿನವರದು. ಕಣ್ಣುಮುಚ್ಚಿ ಕೇಳಿದರೆ ಒಂದೇ ವಾದ್ಯ ಎನಿಸಬೇಕು. ಕೆಡುವುದು ಯಾವಾಗಲೂ ಪ–ಧ ನಡುವೆ. ಧ ಊದುವವರು ತಮ್ಮ ಸರದಿ ಬಂದಮೇಲೆ ಉಸಿರು ತೆಗೆಯುತ್ತಾರೆ, ಅದಕ್ಕೆ. ಒಂದು ಎಣಿಕೆ ಮೊದಲೇ ತೆಗೆಯಬೇಕು.

ಬಿಸಿಲಿನ ವಿಷಯ. ಗಾಳಿ 25ರಿಂದ 40 ಡಿಗ್ರಿಗೆ ಕಾದರೆ ಕೊಳವೆಯ ಶ್ರುತಿ ಅರ್ಧಸ್ವರದ ಅರ್ಧಕ್ಕೆ ಹತ್ತಿರ ಏರುತ್ತದೆ. ಊದುವವರ ಉಸಿರು ಒಳಗೆ ತುಂಬಿದ ಮೇಲೆ ಅಷ್ಟು ವ್ಯತ್ಯಾಸ ಉಳಿಯುವುದಿಲ್ಲ, ಆದರೆ ಬಿಸಿಲಲ್ಲಿ ಹತ್ತು ನಿಮಿಷ ಕಾದುನಿಂತು ಮೊದಲ ಸ್ವರ ಊದುವಾಗ ಅದು ಚೆನ್ನಾಗಿ ಕೇಳುತ್ತದೆ. ಹಾಗಾಗಿ ನಿಂತಲ್ಲೇ ಸದ್ದು ಮಾಡದೆ ಬೆಚ್ಚಗಿನ ಉಸಿರು ಹಾಯಿಸುತ್ತಿರಲಿ. ಎಲ್ಲರ ಮೌತ್‌ಪೀಸನ್ನೂ ಒಂದೇ ಆಳಕ್ಕೆ ಕೂರಿಸಿ. ಹೊರಗೆ ಎಳೆದರೆ ಶ್ರುತಿ ಇಳಿಯುತ್ತದೆ. ಅಂಗೈಯಿಂದ ಗುದ್ದಿ ಕೂರಿಸಿದರೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಇಕ್ಕಳ ಹಾಕಿ ತಿರುಗಿಸಿದರೆ ಕೊಳವೆಯ ಬೆಸುಗೆ ಬಿಡುತ್ತದೆ. ಮಗುವಿಗೊಂದು ಮೌತ್‌ಪೀಸ್, ಹೆಸರು ಕೊರೆಸಿ, ದಿನಾ ಉಗುರುಬೆಚ್ಚಗಿನ ಸಾಬೂನು ನೀರು. ಹೊಳಪಿಗೆಂದು ಹುಣಸೆಹಣ್ಣು ತಿಕ್ಕುವುದನ್ನು ಬಿಡಿಸಿ. ದೇವರ ಮನೆಯ ತಂಬಿಗೆಗೆ ಸರಿ, ತೆಳು ತಗಡಿನ ಬ್ಯೂಗಲ್‌ಗೆ ಅಲ್ಲ.

ಶಾಲಾಬ್ಯಾಂಡ್_ಕಲಬುರಗಿ

ಇಬ್ಬರಿಗೂ ತುಂಬಾ ಧನ್ಯವಾದ. ಡ್ರಮ್‌ಗಳಲ್ಲಿ ಎಂಟು ಪಟ್ಟಿಯವು, ನಾಲ್ಕು ಹಾರ್ನೆಸ್ಸಿನವು. ಇವತ್ತೇ ಎಲ್ಲವನ್ನೂ ಪಟ್ಟಿಗೆ ತರುತ್ತೇವೆ. ಮೂಲೆಯ ತೊಂದರೆ ಉಳಿಯಿತು. ಸದ್ದು ಹಿಂದಿನಿಂದ ಮುಂದಕ್ಕೆ ತಲುಪಲು ತಡವಾಗುವುದರಿಂದ ಬ್ಯೂಗಲ್ ಹಿಂದೆ ಬೀಳುತ್ತದೆ ಎಂದು ಕೆಲವರು ಹೇಳುತ್ತಾರೆ. ನಿಜವೇ?

ಹೆಜ್ಜೆ_ಯಾದಗಿರಿ

ಈ ತಂಡದಲ್ಲಿ ಅದು ಕಾರಣವಲ್ಲ. ಲೆಕ್ಕ ಹಾಕಿ ನೋಡೋಣ. ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ಹೋಗುತ್ತದೆ. ನಿಮ್ಮ ಕೊನೆಯ ಸಾಲಿನಿಂದ ಮೊದಲ ಸಾಲಿಗೆ 8 ಮೀಟರ್ ಇದ್ದರೆ 23 ಮಿಲಿಸೆಕೆಂಡ್. ನಿಮಿಷಕ್ಕೆ 120 ಹೆಜ್ಜೆಯಲ್ಲಿ ಒಂದು ಎಣಿಕೆಗೆ 500 ಮಿಲಿಸೆಕೆಂಡ್. ಅಷ್ಟು ಸಣ್ಣ ತಡ ಯಾರಿಗೂ ಗೊತ್ತಾಗುವುದಿಲ್ಲ. ಅಮೆರಿಕದ ಕೋರ್‌ಗಳು 30 ಮೀಟರ್ ಹರಡಿ ನಿಲ್ಲುತ್ತವೆ, ಅಲ್ಲಿ 87 ಮಿಲಿಸೆಕೆಂಡ್ ಆಗುತ್ತದೆ, ಅಲ್ಲಿ ಅದು ದೊಡ್ಡ ವಿಷಯ. ನಿಮ್ಮಲ್ಲಿ ಸದ್ದಿನಿಂದ ತೊಂದರೆ ಆಗುವುದಾದರೆ ಎದುರಿನ ಕಟ್ಟಡದ ಪ್ರತಿಧ್ವನಿಯಿಂದ. 30 ಮೀಟರ್ ದೂರದ ಗೋಡೆಗೆ ಹೋಗಿ ಬರಲು 173 ಮಿಲಿಸೆಕೆಂಡ್ ಬೇಕು, ಎಣಿಕೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು. ಮಕ್ಕಳು ಅದನ್ನು ಹಿಡಿದರೆ ಕೆಟ್ಟರು. ಬೆನ್ನ ಹಿಂದಿನ ಡ್ರಮ್ ಮಾತ್ರ ಕೇಳಬೇಕು, ಎದುರಿನಿಂದ ಬರುವ ಯಾವ ಸದ್ದನ್ನೂ ನಂಬಬಾರದು.

ಮೂಲೆಯಲ್ಲಿ ಕೆಡುವುದು ಹೆಜ್ಜೆಯಿಂದ. ಅದಕ್ಕೆ ಹಾಕಬೇಕಾದ ಹೆಸರು ಜಾರ್ಜ್ ಜಿಂಗಾಲಿ. ಮೈದಾನದ ನಡುಗೆರೆಯ ಆಚೆ ಈಚೆ ಕನ್ನಡಿ ಹಿಡಿದ ಹಾಗೆ ಆಕೃತಿ ಮಾಡುವ ರೂಢಿ ಇದ್ದ ಕಾಲದಲ್ಲಿ, ಒಂದು ಆಕೃತಿ ಕರಗಿ ಇನ್ನೊಂದಾಗುವ, ಎಲ್ಲೂ ನಿಲ್ಲದ ಚಲನೆಯನ್ನು ಗಾರ್‌ಫೀಲ್ಡ್ ಕೆಡೆಟ್ಸ್‌ಗೆ ಬರೆದುಕೊಟ್ಟವರು. ಆ ತಂಡ 1983, 1984, 1985 ಸತತ ಮೂರು ವರ್ಷ ಗೆದ್ದಿತು. 1991ರಲ್ಲಿ ಗೆದ್ದ ಸ್ಟಾರ್ ಆಫ್ ಇಂಡಿಯಾನಾದಲ್ಲೂ ಅವರ ಕೈಯಿತ್ತು. 1992ರಲ್ಲಿ ತೀರಿಕೊಂಡರು. ಅಂಥ ಚಲನೆ ನಿಲ್ಲುವುದು ಒಂದೇ ಒಂದು ಶಿಸ್ತಿನ ಮೇಲೆ: ಪಕ್ಕದವರನ್ನು ನೋಡಿ ಅಂದಾಜಿನಲ್ಲಿ ನಡೆಯುವುದಲ್ಲ, ಪ್ರತಿಯೊಬ್ಬರೂ ತಮ್ಮ ಹೆಜ್ಜೆಯ ಅಳತೆ ತಿಳಿದು ನಡೆಯುವುದು.

ನಿಮ್ಮ ಆರು ಮಕ್ಕಳ ಸಾಲಿಗೆ ಆ ಅಳತೆ ಕೊಡುತ್ತೇನೆ. ಮಗುವಿನಿಂದ ಮಗುವಿಗೆ 30 ಇಂಚು, ಅಂದರೆ 76 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಕಾಲು ಸುತ್ತು ತಿರುಗುವಾಗ ಹೊರತುದಿಯ ಮಗು ಸುಮಾರು 6 ಮೀಟರ್ ನಡೆಯಬೇಕು, ಅದು ಪೂರ್ತಿ ಹೆಜ್ಜೆಯ ಎಂಟು ಹೆಜ್ಜೆ. ಒಳತುದಿಯ ಮಗು ನಿಂತಲ್ಲೇ ಕದಮ್ ತಾಲ್. ಉಳಿದವರಿಗೆ ಒಳಗಿನಿಂದ ಹೊರಕ್ಕೆ 15, 30, 45, 60, 75 ಸೆಂಟಿಮೀಟರ್. ಎಂಟೇ ಹೆಜ್ಜೆ, ಏಳೂ ಅಲ್ಲ, ಒಂಬತ್ತೂ ಅಲ್ಲ. ಒಂಬತ್ತನೇ ಎಣಿಕೆಗೆ ಎಲ್ಲರೂ ಹೊಸ ದಿಕ್ಕಿಗೆ ಪೂರ್ತಿ ಹೆಜ್ಜೆ ಇಡುತ್ತಾರೆ. ಸುಣ್ಣದ ಪುಡಿಯಲ್ಲಿ ಐದು ಕಮಾನು ಎಳೆದು, ಪ್ರತಿ ಕಮಾನಿನ ಮೇಲೆ ಎಂಟು ಗುರುತು ಹಾಕಿ, ವಾದ್ಯವಿಲ್ಲದೆ ನಡೆಸಿ. ಜಿಂಗಾಲಿ ಫಲಕದ ಕೆಳಗೆ ಈ ಆರು ಅಂಕಿ ಬರೆದರೆ ಸಾಕು: 0, 15, 30, 45, 60, 75.

ಈಗ ನಿಮ್ಮಲ್ಲಿ ಏನಾಗುತ್ತಿರಬಹುದೆಂದರೆ, ಒಳಗಿನ ಮಕ್ಕಳು ದೊಡ್ಡ ಹೆಜ್ಜೆ ಇಟ್ಟು ಮುಂದೆ ಹೋಗುತ್ತಾರೆ, ಹೊರಗಿನವರು ಅವರನ್ನು ಹಿಡಿಯಲು ಹೆಜ್ಜೆ ಹಿಗ್ಗಿಸುತ್ತಾರೆ. ಹಿಗ್ಗಿದ ಹೆಜ್ಜೆಯಲ್ಲಿ ಹಿಮ್ಮಡಿ ಜೋರಾಗಿ ಬೀಳುತ್ತದೆ, ಮೌತ್‌ಪೀಸ್ ತುಟಿಯಿಂದ ಜಾರುತ್ತದೆ, ಸ್ವರ ಮತ್ತೆ ಹಿಡಿಯಲು ಅರ್ಧ ಎಣಿಕೆ ಹೋಗುತ್ತದೆ. ಡ್ರಮ್ಮಿನವರಿಗೆ ತುಟಿಯ ಕಾಟವಿಲ್ಲ, ಅದಕ್ಕೆ ಅವರು ಸರಿಯಿರುತ್ತಾರೆ.

ಐದನೇ ಫಲಕ ಜಾನ್ ಬ್ರೇಝೇಲ್ ಅವರಿಗೆ ಇರಲಿ. ಇಲಿನಾಯ್ ರಾಜ್ಯದ ಫ್ಯಾಂಟಮ್ ರೆಜಿಮೆಂಟ್‌ನವರು, ಡಿಸಿಐನ ದೃಶ್ಯ ಪ್ರಶಸ್ತಿಗೆ ಅವರ ಹೆಸರು. ಅಭ್ಯಾಸ ನಡಿಗೆಯದು. ಕೋರ್‌ಗಳ ಸಾಮಾನ್ಯ ಹೆಜ್ಜೆ ಐದು ಗಜಕ್ಕೆ ಎಂಟು, ಅಂದರೆ 22.5 ಇಂಚು, ಹಿಮ್ಮಡಿಯಿಂದ ಬೆರಳಿನವರೆಗೆ ಪಾದ ಉರುಳಿಸಿ ನಡೆಯುತ್ತಾರೆ. ನಮ್ಮ ತೇಜ್ ಚಲ್ (ಪರೇಡಿನ ವೇಗದ ನಡಿಗೆ) ಹೆಜ್ಜೆ 30 ಇಂಚು. ವಿಡಿಯೋ ನೋಡಿ ಅವರ ಅಳತೆ ತರಬೇಡಿ, ಪಥಸಂಚಲನದಲ್ಲಿ ಮುಂದಿನ ತುಕಡಿಗೂ ನಿಮಗೂ ಅಂತರ ಬೀಳುತ್ತದೆ. ಪಾದ ಉರುಳಿಸುವುದನ್ನು ಮಾತ್ರ ಬ್ಯೂಗಲ್ ಸಾಲುಗಳಿಗೆ ತನ್ನಿ. ಬ್ಯೂಗಲ್ ಬಾಯಿಯ ಅಂಚಿನ ಮೇಲೆ ಒಂದು ನಾಣ್ಯ ಇಟ್ಟು ಎಂಟು ಹೆಜ್ಜೆ ನಡೆಸಿ, ಬೀಳಬಾರದು.

ಇನ್ನು ಮೈದಾನದ ಮಣ್ಣು. ಕಲಬುರಗಿ, ಯಾದಗಿರಿ ಕಡೆ ಎರೆ ಮಣ್ಣಿನ ಮೈದಾನ ಮಳೆಗೆ ಬೂಟಿಗೆ ಮೆತ್ತಿಕೊಳ್ಳುತ್ತದೆ, ಹೆಜ್ಜೆ ತಾನಾಗಿ ಕುಗ್ಗುತ್ತದೆ. ಬೀದರದ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಅಲ್ಲಿಯವರಿಗೆ ಈ ಕಾಟ ಕಡಿಮೆ. ಎರೆಯ ಮೇಲೆ ಕಲಿತ ಅಳತೆ ಗಟ್ಟಿ ನೆಲದಲ್ಲಿ ಸರಿಹೋಗುವುದಿಲ್ಲ. ಸೆಪ್ಟೆಂಬರಿನಲ್ಲಿ ಹೆಜ್ಜೆಯ ಅಭ್ಯಾಸವನ್ನು ಶಾಲೆಯ ಸಿಮೆಂಟ್ ಅಂಗಳದಲ್ಲೇ ಮಾಡಿಸಿ.

ಪರೇಡ್_ನೆನಪು

ಎಲ್ಲರೂ ಸೊಗಸಾಗಿ ಬರೆದಿದ್ದೀರಿ, ಆದರೆ ಗೋಡೆಯ ಮೇಲೆ ಬರೀ ಅಮೆರಿಕದವರಿದ್ದರೆ ಒಪ್ಪುವುದಿಲ್ಲ. ನಿಮ್ಮ ಮಕ್ಕಳು "ತೇಜ್ ಚಲ್" ಕೇಳಿ ನಡೆಯುವವರು. ಆ ಪರಂಪರೆಗೂ ಗುರುಗಳಿದ್ದಾರೆ.

ಮೇಜರ್ ಜಿ. ಎ. ರಾಬರ್ಟ್ಸ್: ದೆಹಲಿಯ ವಿಜಯ ಚೌಕದಲ್ಲಿ ಜನವರಿ 29ರಂದು ನಡೆಯುವ ಬೀಟಿಂಗ್ ರಿಟ್ರೀಟ್‌ಗೆ 1950ರ ದಶಕದ ಆರಂಭದಲ್ಲಿ ರೂಪ ಕೊಟ್ಟವರು. ಅನೇಕ ರೆಜಿಮೆಂಟುಗಳ ಬ್ಯಾಂಡನ್ನು ಒಟ್ಟಿಗೆ ನಡೆಸುವ ಕ್ರಮ, ಕೊನೆಗೆ ಬ್ಯೂಗಲ್ ಕರೆಗೆ ಧ್ವಜ ಇಳಿಯುವುದು, ನಮ್ಮ ಜಿಲ್ಲೆಗಳ ಪರೇಡ್ ತಂಡಗಳಿಗೂ ಇಂದಿಗೂ ಮಾದರಿ.

ಕ್ಯಾಪ್ಟನ್ ರಾಮ್ ಸಿಂಗ್ ಠಾಕುರಿ: ಆಜಾದ್ ಹಿಂದ್ ಫೌಜಿನ ಸಂಗೀತ ಕಟ್ಟಿದವರು, ಸ್ವಾತಂತ್ರ್ಯದ ನಂತರ ಉತ್ತರ ಪ್ರದೇಶದ ಪಿಎಸಿ ಎಂಬ ಸಶಸ್ತ್ರ ಪೊಲೀಸ್ ಪಡೆಯ ಬ್ಯಾಂಡ್ ಬೆಳೆಸಿದವರು, 2002ರಲ್ಲಿ ತೀರಿಕೊಂಡರು.

ಮಧ್ಯಪ್ರದೇಶದ ಪಚ್‌ಮಡಿಯ ಸೇನಾ ಸಂಗೀತ ಶಾಲೆಯನ್ನೂ ಸೇರಿಸಿ. 1950ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರ ಆಸಕ್ತಿಯಿಂದ ಆರಂಭವಾದದ್ದು, ಸೈನ್ಯದ ಬ್ಯಾಂಡಿನವರು ತರಬೇತಿ ಪಡೆಯುವುದು ಅಲ್ಲಿ. ರಾಬರ್ಟ್ಸ್ ಫಲಕದ ಕೆಳಗಿನ ಅಭ್ಯಾಸ: ಡ್ರಮ್ ಮೇಜರ್ ಕೋಲಿನ ಸನ್ನೆಗೆ ಮಾತಿಲ್ಲದೆ ಶುರು ಮಾಡಿ, ಮಾತಿಲ್ಲದೆ ನಿಲ್ಲುವುದು. ಕೋಲು ಎತ್ತಿದಾಗ ಸಿದ್ಧ, ಇಳಿದ ಎಡ ಹೆಜ್ಜೆಗೆ ಬಾಸ್ ಡ್ರಮ್ಮಿನ ಎರಡು ಏಟು, ಅಲ್ಲಿಗೆ ಸಂಗೀತ ಬಂದ್. ಹಿಂದಿನ ಸಾಲಿಗೆ ಕೋಲು ಕಾಣಿಸದಿದ್ದರೆ ಇದು ಕೆಡುತ್ತದೆ, ಆದ್ದರಿಂದ ಮುಂದಿನ ಸಾಲಿನಲ್ಲಿ ಎತ್ತರದ ಮಕ್ಕಳನ್ನು ನಡುವೆ ನಿಲ್ಲಿಸಬೇಡಿ. ನಾಗನಹಳ್ಳಿಯ ಪೊಲೀಸ್ ತರಬೇತಿ ಕಾಲೇಜಿನ ನಿರ್ಗಮನ ಪಥಸಂಚಲನಕ್ಕೆ ಮಕ್ಕಳನ್ನು ಕರೆದೊಯ್ಯಲು ಅನುಮತಿ ಕೇಳಿ, ಈ ಸನ್ನೆಗಳನ್ನು ಕಣ್ಣಾರೆ ನೋಡಲಿ.

ಕಡ್ಡಿ_ಎತ್ತರ

ಮ್ಯಾಲಿನ ಮಾತಿಗಿ ನನ್ನದೂ ಒಪ್ಪಿಗಿ ಅದ. ಸ್ಯಾನ್‌ಫರ್ಡ್ ಪಕ್ಕದಾಗೇ ರಾಬರ್ಟ್ಸ್ ಇರಲಿ.

ಒಂದು ಹೇಳೋದು ಉಳದಿತ್ತು. ಬಾಸ್ ಡ್ರಮ್ಮಿಗಿ ತೊಗಲಿನ ಹೊದಿಕಿ ಇದ್ರ ಸೆಪ್ಟೆಂಬರ್ ಮಳಿ ತ್ಯಾವಕ್ಕ ಅದು ಸಡ್ಲ ಆಗ್ತದ, ಸದ್ದು ಗುಮ್ಮ್ ಅನ್ನದ ದಪ್ ಅಂತದ. ಮುಂಜಾನಿ ಬಿಗಿ ಮಾಡಿ ಅಭ್ಯಾಸ ಮಾಡರಿ, ಮುಗದ ಮ್ಯಾಲ ಎಲ್ಲಾ ಕಡಿ ಸಮ ಅರ್ಧ ಸುತ್ತು ಸಡ್ಲ ಬಿಡರಿ. ಬಿಗಿ ಮಾಡಿದ್ದು ಹಂಗೇ ಬಿಟ್ರ, ಮರುದಿನ ಬಿಸಲು ಬಿದ್ದು ತೊಗಲು ಒಣಗಿ ಅಂಚಿನ್ಯಾಗ ಹರೀತದ. ಒಲಿ ಮುಂದ ಕಾಸಬ್ಯಾಡ್ರಿ, ಒಂದು ಕಡಿ ಬಿಗಿ, ಒಂದು ಕಡಿ ಸಡ್ಲ ಆಗ್ತದ. ಪ್ಲಾಸ್ಟಿಕ್ ಹೊದಿಕಿಗಿ ತ್ಯಾವದ ಕಾಟ ಇಲ್ಲ, ಅದು ಬಿಸಲಿಗಿ ಸಡ್ಲ ಆಗ್ತದ. ಹಿಂಗಾಗಿ 17ನೇ ತಾರೀಖಿಗಿ ಬಾಸ್ ಡ್ರಮ್ ಎರಡೂ ಒಂದೇ ಥರ ಹೊದಿಕಿಂದು ಇರಲಿ. ಒಂದು ತೊಗಲು, ಒಂದು ಪ್ಲಾಸ್ಟಿಕ್ ಇದ್ರ ಮೈದಾನಕ್ಕ ಹೋಗಿ ನಿಲ್ಲೋದ್ರಾಗ ಶ್ರುತಿ ಬ್ಯಾರೆ ಆಗಿರ್ತದ. ಬ್ಯಾಂಡ್ ವಾದ್ಯ ಸಿಗೋ ಮೀರತ್‌ನ ಜಾಲಿ ಕೋಠಿ ಪ್ಯಾಟಿ ಕಡಿಂದ ಹೊದಿಕಿ ತರಸೋದಿದ್ರ ಡ್ರಮ್ಮಿನ ಅಡ್ಡಳತಿ ಇಂಚಿನ್ಯಾಗ ಎರಡು ಸಲ ಅಳದು ಬರೀರಿ, ಹೊರಗಿನ ಬಳಿ ಬಿಟ್ಟು ಮರದ ಅಂಚಿಂದ ಅಂಚಿಗಿ.